ತಕ್ಕಡಿಯ ಮುಳ್ಳು ಮತ್ತು ಮರೋಳದ ಮಕ್ಕಳು



ಪ್ರತಿವರ್ಷ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಊರುಗಳಲ್ಲಿ ಎರಡು ಬಗೆಯ ಮನೆಗಳು ಕಾಣಸಿಗುತ್ತವೆ. ಉತ್ತೀರ್ಣನಾದ ಮಗುವಿನ ಮನೆಯಲ್ಲಿ ಪೇಡೆ ಹಂಚುತ್ತಾರೆ. ಅನುತ್ತೀರ್ಣನಾದ ಮಗುವಿನ ಮನೆಯಲ್ಲಿ 'ಇವನ ತಲೆಯೇ ಇಷ್ಟು' ಎಂದು ಹೇಳಿ ಮಾತು ಮುಗಿಸುತ್ತಾರೆ. ಹದಿನೈದು-ಹದಿನಾರರ ಪ್ರಾಯದ ಮಗುವಿನ ಬಗ್ಗೆ ಹೇಳುವ ಈ ಕಡೆಯ ಮಾತು ನ್ಯಾಯವಾದುದೇ? ಪರೀಕ್ಷೆಯು ಅಳೆದದ್ದು ಆ ಮಗುವನ್ನೋ, ಅದು ಬೆಳೆದ ನೆಲವನ್ನೋ? ಈ ಪ್ರಶ್ನೆಯನ್ನು ನಾವು ಸಮಾಧಾನದಿಂದ ವಿಚಾರಿಸಬೇಕಾಗಿದೆ.

ಮೊದಲು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕಗಳು. ಇಳಕಲ್ಲಿನ ನೇಕಾರನ ಮಗಳಿಗೂ ಬೆಂಗಳೂರಿನ ವೈದ್ಯರ ಮಗನಿಗೂ ಒಂದೇ ಅಳತೆ. ಉತ್ತರ ಪತ್ರಿಕೆಯನ್ನು ತಿದ್ದುವವರಿಗೆ ಮಗುವಿನ ಹೆಸರು, ಜಾತಿ, ಊರು ತಿಳಿಯುವುದಿಲ್ಲ. ಶಿಫಾರಸಿಗೂ ಮುಖಪರಿಚಯಕ್ಕೂ ಮಣಿಯುವ ನಮ್ಮ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದುದರಿಂದ ಪರೀಕ್ಷೆಯೇ ಬೇಡವೆನ್ನುವವರ ವಾದವನ್ನು ನಾನು ಒಪ್ಪಲಾರೆ. ತಕ್ಕಡಿಯನ್ನು ಮುರಿದರೆ ಮೊದಲು ಮೋಸಹೋಗುವವನು ಬಡವನೇ.

ಆದರೆ ತಕ್ಕಡಿ ಏನನ್ನು ತೂಗುತ್ತಿದೆ ಎಂಬುದನ್ನು ನೋಡಬೇಕು. 2024ರಲ್ಲಿ ಉಡುಪಿ ಜಿಲ್ಲೆಯಲ್ಲಿ ಶೇ. 94ರಷ್ಟು ಮಕ್ಕಳು ಉತ್ತೀರ್ಣರಾದರು. ಕೊನೆಯ ಸ್ಥಾನದಲ್ಲಿದ್ದ ಯಾದಗಿರಿಯಲ್ಲಿ ಶೇ. 50.59. ಮರುವರ್ಷ, 2025ರಲ್ಲಿ, ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ಕಲಬುರಗಿ ಶೇ. 42.43ರೊಂದಿಗೆ ಕೊನೆ. ಕರಾವಳಿಯಲ್ಲಿ ಹುಟ್ಟುವ ಮಕ್ಕಳಿಗೆ ದೇವರು ಇಮ್ಮಡಿ ಬುದ್ಧಿಯನ್ನು ಕೊಟ್ಟು ಕಳುಹಿಸುತ್ತಾನೆಂದು ನಂಬುವವರು ನಮ್ಮಲ್ಲಿ ಯಾರೂ ಇರಲಾರರು. ಹಾಗಾದರೆ ಈ ಅಂತರ ಮಕ್ಕಳದ್ದಲ್ಲ. ಶಾಲೆಗಳದ್ದು, ಶಿಕ್ಷಕರ ಲಭ್ಯತೆಯದ್ದು, ಮನೆಯ ಅನುಕೂಲದ್ದು.

ನಮ್ಮ ಸೀಮೆಯ ಮರೋಳದ ಹೆಸರು ಇಂದು ಹನಿ ನೀರಾವರಿಯಿಂದ ದೂರದವರೆಗೆ ತಿಳಿದಿದೆ. ರಾಮಥಾಳ-ಮರೋಳ ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರ್ ಭೂಮಿಗೆ ಕೊಳವೆಗಳ ಮೂಲಕ ನೀರು ಹನಿಸುವ ಉದ್ದೇಶವಿತ್ತು. ಕೊಳವೆ ಹಾಸಿದ ಕಡೆಯಲ್ಲೆಲ್ಲ ನೀರು ಬೇರಿಗೆ ತಲುಪಿತೇ ಎಂಬುದನ್ನು ಕಾಗದಪತ್ರ ಹೇಳಲಾರದು; ಹೊಲದ ರೈತನನ್ನೇ ಕೇಳಬೇಕು. ಶಾಲೆಯ ವಿಷಯವೂ ಹಾಗೆಯೇ. ಕಟ್ಟಡ, ಪಠ್ಯಪುಸ್ತಕ, ಹಾಜರಿ ಪುಸ್ತಕ ಎಲ್ಲವೂ ಇರಬಹುದು. ಗಣಿತ ಮತ್ತು ಇಂಗ್ಲಿಷ್ ಮಗುವಿನ ಬೇರಿಗೆ ಇಳಿದಿವೆಯೇ? ಸುಗ್ಗಿಯಲ್ಲಿ ಹೊಲಕ್ಕೆ, ಉಳಿದ ದಿನ ಮಗ್ಗದ ಮುಂದೆ, ತಂದೆತಾಯಿ ಗುಳೆ ಹೋದಾಗ ಅಜ್ಜಿಯ ಆಸರೆಯಲ್ಲಿ ಇರುವ ಮಗುವೂ ಮಾರ್ಚಿಯಲ್ಲಿ ಅದೇ ಮೂರು ತಾಸಿನ ಪರೀಕ್ಷೆಗೆ ಕೂರುತ್ತದೆ. ನೀರು ಸಮನಾಗಿ ಹರಿಯದ ಹೊಲದಲ್ಲಿ ಫಸಲನ್ನು ಸಮನಾಗಿ ಅಳೆದರೆ ಅದು ಲೆಕ್ಕವಾದೀತು, ನ್ಯಾಯವಾಗದು.

'ಮುಧೋಳ ತಾಲೂಕಿನ ರೈತನ ಮಗಳು 625ಕ್ಕೆ 625 ತಗೊಂಡಳಲ್ಲ, ನಿನಗೇನಾಗಿದೆ?' ಎಂದು ಕೇಳುವ ಪಾಲಕರಿದ್ದಾರೆ. ನಿಜ, 2024ರಲ್ಲಿ ರಾಜ್ಯಕ್ಕೇ ಮೊದಲಿಗಳಾದವಳು ನಮ್ಮ ಬಾಗಲಕೋಟೆ ಜಿಲ್ಲೆಯ ಮಗಳು. ಅದು ನಮಗೆಲ್ಲ ಹೆಮ್ಮೆ. ಆದರೆ ಆಕೆ ಓದಿದ್ದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಎಂಬುದನ್ನು ಮರೆಯಬಾರದು. ವಸತಿ ಶಾಲೆಯೆಂದರೆ ಹೊತ್ತಿಗೆ ಊಟ, ಸಂಜೆ ಓದಲು ದೀಪ ಮತ್ತು ಜಾಗ, ಸಂದೇಹ ಬಂದರೆ ಕೇಳಲು ಹತ್ತಿರದಲ್ಲೇ ಶಿಕ್ಷಕರು. ಅವಳ ಪ್ರತಿಭೆ ಮತ್ತು ಶ್ರಮ ಅವಳದೇ. ಆದರೆ ಆ ಶ್ರಮಕ್ಕೆ ನೆಲೆ ಸಿಕ್ಕಿತು. ಅವಳ ಉದಾಹರಣೆಯಿಂದ ನಾವು ಕಲಿಯಬೇಕಾದುದು ಉಳಿದ ಮಕ್ಕಳನ್ನು ಗದರಿಸುವುದನ್ನಲ್ಲ, ಅವರಿಗೂ ಅಂಥ ನೆಲೆಯನ್ನು ಕೇಳುವುದನ್ನು.

ಸರಕಾರದ ಕ್ರಮಗಳನ್ನೂ ಗಮನಿಸಿ. 2021ರ ಜುಲೈಯಲ್ಲಿ, ಕೊರೋನಾ ಕಾಲದಲ್ಲಿ, ಎರಡು ದಿನಗಳ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು ಹೆಚ್ಚುಕಡಿಮೆ ಎಲ್ಲರೂ ಉತ್ತೀರ್ಣರಾದರು. 2023ರಲ್ಲಿ ಫಲಿತಾಂಶ ಶೇ. 83.89. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದವು. ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕವಿಲ್ಲದ 2025ರಲ್ಲಿ ಅದು ಶೇ. 62.34. ನಾಲ್ಕು ವರ್ಷಗಳಲ್ಲಿ ಮಕ್ಕಳು ಇಷ್ಟು ದಡ್ಡರಾದರೇ? ಇಲ್ಲ. ಕ್ಯಾಮೆರಾ ಮುಚ್ಚಿದ್ದನ್ನು ತೆರೆದು ತೋರಿಸಿತು, ಅಷ್ಟೇ. ಅದು ಒಳ್ಳೆಯದೇ ಆಯಿತು. ಆದರೆ ಕಂಡ ಹುಣ್ಣಿಗೆ ಮಾಡಿದ ಮದ್ದೇನು? 2025-26ನೆಯ ಸಾಲಿನಿಂದ ಉತ್ತೀರ್ಣತೆಗೆ ಒಟ್ಟಾರೆ ಶೇ. 33, ಅಂದರೆ 625ಕ್ಕೆ 206 ಅಂಕ ಸಾಕೆಂದು ನಿರ್ಧಾರವಾಯಿತು. ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30. ಅಂಚಿನಲ್ಲಿರುವ ಮಗುವಿಗೆ ಇದರಿಂದ ಒಂದು ವರ್ಷ ಉಳಿಯಬಹುದು; ಆ ಮಟ್ಟಿಗೆ ಇದು ಕರುಣೆಯೇ. ಆದರೆ ಗಣಿತ ಬಾರದ ಮಗುವಿಗೆ ಇದರಿಂದ ಗಣಿತ ಬಾರದು. ಮುಳ್ಳನ್ನು ಸರಿಸಿದರೆ ತೂಕ ಹೆಚ್ಚುವುದಿಲ್ಲ.

ಖಾಸಗಿ ಶಾಲೆಗಳ ಬಗ್ಗೆಯೂ ಒಂದು ಮಾತು. 'ನೂರಕ್ಕೆ ನೂರು ಫಲಿತಾಂಶ' ಎಂಬ ಫ್ಲೆಕ್ಸನ್ನು ನೋಡಿ ಮಗುವನ್ನು ಸೇರಿಸುವ ಮೊದಲು ನೀವು ಒಂದು ಪ್ರಶ್ನೆಯನ್ನು ಕೇಳಿರಿ: ಕಳೆದ ಸಾಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತನೆಯ ಪರೀಕ್ಷೆಗೆ ಕೂತವರು ಎಷ್ಟು? ಹಿಂದುಳಿದ ಮಗುವಿನ ಕೈಗೆ ವರ್ಗಾವಣೆ ಪತ್ರವಿತ್ತು ಗಳಿಸಿದ ನೂರು, ನೂರಲ್ಲ. ಈ ಪ್ರಶ್ನೆಯಿಂದ ಯಾವ ಶಾಲೆಗೂ, ಕ್ರೈಸ್ತ ಸಂಸ್ಥೆಗಳು ನಡೆಸುವ ಶಾಲೆಗೂ, ವಿನಾಯಿತಿ ಬೇಡ.

ಕೊನೆಯದಾಗಿ, ಅನುತ್ತೀರ್ಣನಾದ ಮಗು ನಿಮ್ಮ ಮನೆಯಲ್ಲಿಯೇ ಇದ್ದರೆ? ಅದೇ ವರ್ಷ ಮತ್ತೊಮ್ಮೆ ಬರೆಯುವ ಅವಕಾಶವಿದೆ. ಶುಲ್ಕ ಕಟ್ಟುವ ಕೊನೆಯ ದಿನವನ್ನು ಶಾಲೆಗೆ ಹೋಗಿ ಕೇಳಿ ತಿಳಿಯಿರಿ. ಆ ನಡುವಿನ ವಾರಗಳು ಅತ್ಯಂತ ಅಪಾಯದವು. ಹುಡುಗನನ್ನು ಗೋವೆಯ ಕೆಲಸಕ್ಕೆ ಕಳುಹಿಸುವ, ಹುಡುಗಿಗೆ ವರನನ್ನು ನೋಡುವ ಮಾತು ಆಗಲೇ ಶುರುವಾಗುವುದು. ಆ ಮಾತನ್ನು ದಯವಿಟ್ಟು ಮುಂದೂಡಿರಿ. ಊರಿನಲ್ಲಿ ಪದವಿ ಓದಿದ ಯುವಕ ಯುವತಿಯರಿದ್ದರೆ ಸಂಜೆ ಎರಡು ತಾಸು ಗಣಿತ, ಇಂಗ್ಲಿಷ್ ಹೇಳಿಕೊಡಲು ಅವರನ್ನು ಕೇಳಿಕೊಳ್ಳಿರಿ. ಮತ್ತು ಮುಂದಿನ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಪ್ಪದೆ ಹೋಗಿ, ಯಾವ ವಿಷಯದ ಶಿಕ್ಷಕರ ಹುದ್ದೆ ಎಷ್ಟು ತಿಂಗಳಿಂದ ಖಾಲಿ ಇದೆಯೆಂದು ಎದ್ದು ನಿಂತು ಕೇಳಿರಿ. ಮಗುವನ್ನು ಕೇಳುವ ಮೊದಲು ಆ ಪ್ರಶ್ನೆಯನ್ನು ಕೇಳಬೇಕಾದವರು ನಾವು.