ಐನೂರ್ವರ ಪ್ರಶಸ್ತಿ ಮತ್ತು ಶ್ರಾವಕನ ತಕ್ಕಡಿ

ಗೃಹಸ್ಥನಿಗೆ ಅರ್ಥಾರ್ಜನೆಯು ನಿಷಿದ್ಧವಲ್ಲ. ಅನ್ಯಾಯದ ಅರ್ಜನೆಯು ನಿಷಿದ್ಧ. ಈ ಮಾತನ್ನು ಒಪ್ಪದ ವ್ಯಾಪಾರಿಯಿಲ್ಲ. ಒಪ್ಪಿದ ಮಾತು ಅಂಗಡಿಯ ಗಾದಿಯ ಮೇಲೆ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದೇ ಪ್ರಶ್ನೆ. ಈ ದೃಷ್ಟಿಯಿಂದ, ನಾಡಿನ ವಣಿಕರು ಹೆಮ್ಮೆಯಿಂದ ಸ್ಮರಿಸುವ ಅಯ್ಯಾವೊಳೆ ಐನೂರ್ವರ ಪ್ರಶಸ್ತಿಯನ್ನು ವಿಮರ್ಶಿಸುವುದು ಉಚಿತವಾಗಿದೆ.

ಹುನಗುಂದ ತಾಲೂಕಿನ ಐಹೊಳೆಯು ಜೈನರಿಗೆ ಮೇಗುಟಿಯ ಜಿನಾಲಯದಿಂದ ಪರಿಚಿತ. ಕ್ರಿ.ಶ. 634ರಲ್ಲಿ ರವಿಕೀರ್ತಿಯು ಅದನ್ನು ಕಟ್ಟಿಸಿದನು. ಇದೇ ಐಹೊಳೆಯ ಹೆಸರನ್ನು ಹೊತ್ತ ವಣಿಕ ಸಂಘವು ಮುಂದೆ ದಕ್ಷಿಣಾಪಥದಲ್ಲೆಲ್ಲ ಹಬ್ಬಿತು. ಸುಮಾತ್ರಾ ದ್ವೀಪದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಈ ಸಂಘವು ಕೇವಲ ಜೈನರದಾಗಿರಲಿಲ್ಲ. ಹಲವು ಮತಗಳ ವರ್ತಕರು ಅದರಲ್ಲಿದ್ದರು. ಅದನ್ನು ನಮ್ಮದೆಂದು ಮಾತ್ರ ಹೇಳಿಕೊಳ್ಳುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ.

ಐನೂರ್ವರ ಪ್ರಶಸ್ತಿಯ ಗುಣವೆಂದರೆ ಅದು ಸರಕಿಗಿಂತ ಮೊದಲು ಶೀಲವನ್ನು ಹೇಳುತ್ತದೆ. ಸತ್ಯ, ಶೌಚ, ಸದಾಚಾರ, ವಿನಯಗಳು ವಣಿಕನ ಭೂಷಣಗಳೆಂದೂ, ಬಣಂಜುಧರ್ಮವನ್ನು ಕಾಯುವುದೇ ಅವನ ಕರ್ತವ್ಯವೆಂದೂ ಸಾರುತ್ತದೆ. ಶಿಕಾರಿಪುರ ತಾಲೂಕಿನ 11ನೆಯ ಶತಮಾನದ ಶಾಸನವೊಂದು ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರಗಳ ವ್ಯಾಪಾರವನ್ನು ಬಣ್ಣಿಸಿ, ಈ ವರ್ತಕರು ಅರಸನ ಬೊಕ್ಕಸವನ್ನು ತುಂಬಿಸುವರೆಂದು ಹೊಗಳುತ್ತದೆ. ವ್ಯಾಪಾರವು ಬರೀ ಹೊಟ್ಟೆಪಾಡಲ್ಲ, ಅದೊಂದು ಧರ್ಮವೆಂಬ ಭಾವನೆ ಅಂದಿಗೇ ಬೇರೂರಿತ್ತೆಂಬುದಕ್ಕೆ ಇದು ಸಾಕ್ಷಿ.

ಆದರೆ ಅದೇ ಶಾಸನವು ಅವರು ಆನೆಯಂತೆ ಮೇಲೆರಗಿ, ಹಾವಿನಂತೆ ವಿಷದಿಂದ, ಸಿಂಹದಂತೆ ಹಾರಿ ಕೊಲ್ಲಬಲ್ಲರೆಂದೂ ಕೊಂಡಾಡುತ್ತದೆ. ಕಳ್ಳಕಾಕರ ದಾರಿಯಲ್ಲಿ ಸರಕು ಸಾಗಿಸುವವರಿಗೆ ಆಯುಧಬಲ ಬೇಕಾಗಿದ್ದಿತು, ನಿಜ. ಆದರೂ ಅಹಿಂಸೆಯನ್ನು ಮೊದಲ ಅಣುವ್ರತವೆಂದು ನಂಬಿದವರು ಈ ಹೊಗಳಿಕೆಯನ್ನು ಕಣ್ಣುಮುಚ್ಚಿ ಒಪ್ಪಲಾಗದು. ಇದಕ್ಕಿಂತಲೂ ದೊಡ್ಡ ಕೊರತೆ ಇನ್ನೊಂದಿದೆ. ಪ್ರಶಸ್ತಿಯು ಗುಣಗಳನ್ನು ಎಣಿಸುತ್ತದೆಯೇ ಹೊರತು ದೋಷಗಳನ್ನು ಎಣಿಸುವುದಿಲ್ಲ. ಏನನ್ನು ಮಾಡಿದರೆ ವಣಿಕನು ಧರ್ಮದಿಂದ ಜಾರಿದಂತೆ ಎಂದು ಅದು ತಿಳಿಸದು.

ಈ ಕೊರತೆಯನ್ನು ತುಂಬುವುದು ತತ್ತ್ವಾರ್ಥಸೂತ್ರ. ಅಚೌರ್ಯಾಣುವ್ರತಕ್ಕೆ ಅದು ಐದು ಅತಿಚಾರಗಳನ್ನು ಹೇಳಿದೆ: ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕೀಳು ಸರಕನ್ನು ಮೇಲಿನದೆಂದು ಮಾರುವುದು. ಐದೂ ಅಂಗಡಿಯಲ್ಲಿ ದಿನನಿತ್ಯ ಎದುರಾಗತಕ್ಕವು. ರಸೀದಿಯಿಲ್ಲದೆ ಮಾರಿ ತೆರಿಗೆ ತಪ್ಪಿಸುವವನು ಮೂರನೆಯದಕ್ಕೆ ಸಿಲುಕುತ್ತಾನೆ. ಐದನೆಯದು ಇಳಕಲ್ಲಿನ ಸೀರೆಯ ವ್ಯಾಪಾರಕ್ಕೆ ನೇರವಾಗಿ ಅನ್ವಯಿಸುತ್ತದೆ. ಇಳಕಲ್ ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ರೇಷ್ಮೆಯ ಎಳೆಗಳನ್ನೂ ನೇಕಾರನು ಕೊಂಡಿ ಹಾಕಿ ಕೂಡಿಸುತ್ತಾನೆ. ಅದರ ಶ್ರಮ ಬಲ್ಲವರಿಗೇ ಗೊತ್ತು. ಕೃತಕ ರೇಷ್ಮೆಯನ್ನು ಅಪ್ಪಟ ರೇಷ್ಮೆಯೆಂದೋ, ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದೋ ಮಾರಿದರೆ ಕೊಂಡವಳ ಹಣವೂ ನೇಕಾರನ ಅನ್ನವೂ ಒಟ್ಟಿಗೆ ಕಳವಾದಂತೆ. ‘ಗಿರಾಕಿ ಕೇಳಲಿಲ್ಲ, ನಾವು ಹೇಳಲಿಲ್ಲ’ ಎಂಬ ಮೌನವೂ ಇದರಿಂದ ದೂರವಲ್ಲ.

ಇಲ್ಲಿ ಯಜಮಾನನ ಹೊಣೆಯು ವಿಶೇಷವಾದುದು. ಗಾದಿಯ ಮೇಲೆ ಕುಳಿತವನು ತಾನು ಸುಳ್ಳಾಡದೆ ಗುಮಾಸ್ತನಿಂದ ಆಡಿಸಬಹುದು, ಅಥವಾ ಅವನು ಆಡಿದುದನ್ನು ಕೇಳಿಯೂ ಸುಮ್ಮನಿರಬಹುದು. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಜೈನಶಾಸ್ತ್ರದಲ್ಲಿ ಇಂಥವನಿಗೆ ಬಿಡುಗಡೆಯಿಲ್ಲ. ಸತ್ಯ ಹೇಳಿದ ಅಂಗಡಿಯಿಂದ ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋಗಬಹುದು. ಆ ನಷ್ಟವೇ ವ್ರತದ ಬೆಲೆ. ಬೆಲೆ ತೆರದೆ ವ್ರತವನ್ನು ಪಡೆದವರಿಲ್ಲ.

ಧರ್ಮದರ್ಶಿಗಳೂ ಈ ಮಾತನ್ನು ಯೋಚಿಸಬೇಕು. ಹಿಂದಿನ ವರ್ತಕರು ಹೇರಿಗಿಷ್ಟು, ಸರಕಿಗಿಷ್ಟು ಎಂದು ಆಯವನ್ನು ಬಸದಿಗಳಿಗೆ ಬಿಡುತ್ತಿದ್ದರು. 1204ರಲ್ಲಿ ಬೆಳಗಾವಿಯ ರಟ್ಟ ಜಿನಾಲಯಕ್ಕೆ ದೊರೆತ ದತ್ತಿಗಳಲ್ಲಿ ವರ್ತಕರ ಪಾಲೂ ಇದ್ದಿತು. ಆ ದಾನವು ವ್ಯಾಪಾರದ ಅಳತೆಗೆ ಕಟ್ಟಿಕೊಂಡಿದ್ದಿತು; ಅಳತೆ ಸುಳ್ಳಾದರೆ ದಾನವೂ ಸುಳ್ಳಾಗುತ್ತಿದ್ದಿತು. ಇಂದು ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವಾಗ ಮೊತ್ತವನ್ನು ಮಾತ್ರ ನೋಡಿ ಮೂಲವನ್ನು ಕೇಳದಿದ್ದರೆ, ಬಸದಿಯೂ ಅನುಮತದಲ್ಲಿ ಪಾಲುಗೊಳ್ಳುತ್ತದೆ.

ಐನೂರ್ವರ ಪ್ರಶಸ್ತಿಯು ವಣಿಕನು ಹೇಗೆ ಕಾಣಿಸಿಕೊಳ್ಳಬಯಸಿದನೆಂಬುದನ್ನು ಹೇಳುತ್ತದೆ. ಅತಿಚಾರಗಳ ಪಟ್ಟಿಯು ಅವನು ಎಲ್ಲಿ ಎಡವುತ್ತಾನೆಂಬುದನ್ನು ತೋರಿಸುತ್ತದೆ. ಕೀರ್ದಿ ಖಾತೆಗಳನ್ನು ಮುಚ್ಚುವ ಸಂಜೆಯ ಹೊತ್ತಿನಲ್ಲಿ ಶ್ರಾವಕನು ಓದಿಕೊಳ್ಳತಕ್ಕದ್ದು ಎರಡನೆಯದನ್ನೇ.