ಗೆರೆಯ ಇಳಿಜಾರೋ, ಗುಡ್ಡದ ಇಳಿಜಾರೋ?

ಹಳ್ಳ, ರಸ್ತೆ, ಕಾಲುವೆಗಳ ಇಳಿಜಾರು ಬೇಕಾದಾಗ ನಕ್ಷೆ ಮಾಡುವವರಲ್ಲಿ ಬಹಳ ಮಂದಿ ಹಿಡಿಯುವ ದಾರಿ ಒಂದೇ. ಎತ್ತರದ ರಾಸ್ಟರ್‌ನಿಂದ (ಪ್ರತಿ ಚೌಕಕ್ಕೂ ಒಂದು ಎತ್ತರವಿರುವ ಜಾಲ) ಸ್ಲೋಪ್ ರಾಸ್ಟರ್, ಅಂದರೆ ಇಳಿಜಾರಿನ ಜಾಲ, ತೆಗೆದು, ನಕ್ಷೆಯಲ್ಲಿ ಹಳ್ಳ ಅಥವಾ ರಸ್ತೆಯ ಗೆರೆ ಹಾದುಹೋಗುವ ಚೌಕಗಳ ಸರಾಸರಿ ಹಾಕುತ್ತಾರೆ. ಉತ್ತರ ದಶಮಾಂಶದ ಸಮೇತ ಬರುತ್ತದೆ. ಆದರೆ ಅದು ಗೆರೆಯ ಇಳಿಜಾರಲ್ಲ, ಅದರಡಿಯ ನೆಲದ್ದು. ಸ್ಲೋಪ್ ರಾಸ್ಟರ್ ಪ್ರತಿ ಚೌಕದಲ್ಲೂ ನೆಲ ಅತಿ ಕಡಿದಾಗಿ ಇಳಿಯುವ ದಿಕ್ಕಿನ ಇಳಿಜಾರನ್ನಷ್ಟೇ ಅಳೆಯುತ್ತದೆ. ಗೆರೆ ಎತ್ತ ಸಾಗುತ್ತಿದೆ ಎಂಬುದು ಅದರ ಲೆಕ್ಕದಲ್ಲೇ ಇಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುಮಾರ್ಗವನ್ನೇ ನೋಡಿ. ಹಳಿ ಏರುವುದು 50ಕ್ಕೆ 1, ಅಂದರೆ ಶೇ. 2. ಪಕ್ಕದ ಗುಡ್ಡದ ಕಡಿದಾದ ಪಕ್ಕೆಯನ್ನು ಹಳಿಯ ಖಾತೆಗೆ ಬರೆದರೆ ಯಾವ ರೈಲೂ ಅಲ್ಲಿ ಏರಲಾರದು.

ದಾಬಸ್‌ಪೇಟೆಯ ಸುತ್ತ ಈ ತಪ್ಪು ದುಬಾರಿ. ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಅರ್ಕಾವತಿಯ ಉಪನದಿ. ಅದರ ನೀರು ತಿಪ್ಪಗೊಂಡನಹಳ್ಳಿ ಜಲಾಶಯದ ಕಡೆಗೆ ಹರಿಯುತ್ತದೆ. ಇಂಥ ನದಿಯ ಹಳ್ಳಗಳಿಗೆ ಕಲ್ಲಿನ ತಡೆ ಕಟ್ಟುವಾಗ ಮೇಲಿನ ತಡೆಯ ಬುಡ, ಕೆಳಗಿನದರ ನೆತ್ತಿ ಒಂದೇ ಮಟ್ಟಕ್ಕೆ ಬರಬೇಕೆಂಬುದು ರೂಢಿಯ ಲೆಕ್ಕ. ಹಳ್ಳದ ಇಳಿಜಾರು ಶೇ. 2 ಇದ್ದರೆ 1 ಮೀಟರ್ ಎತ್ತರದ ತಡೆ 50 ಮೀಟರಿಗೊಂದು ಸಾಕು. ದಡದ ಇಳಿಜಾರೂ ಸೇರಿಕೊಂಡು ಶೇ. 8 ಎಂದು ಬಂದರೆ ಹನ್ನೆರಡೂವರೆ ಮೀಟರಿಗೊಂದು ಕಟ್ಟಬೇಕಾಗುತ್ತದೆ. ನಾಲ್ಕು ಪಟ್ಟು ಕಲ್ಲು, ನಾಲ್ಕು ಪಟ್ಟು ಕೂಲಿ!

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಗೆರೆಯನ್ನು ಸಮ ಅಂತರದಲ್ಲಿ ತುಂಡು ಮಾಡಿ, ಪ್ರತಿ ತುದಿಗೆ ಎತ್ತರ ಕೂಡಿಸಿ, ಎತ್ತರದ ವ್ಯತ್ಯಾಸವನ್ನು ಸಮತಲ ಉದ್ದದಿಂದ ಭಾಗಿಸಬೇಕು. ಎತ್ತರ ಕೂಡಿಸಲು ಕ್ಯುಜಿಐಎಸ್ ತಂತ್ರಾಂಶದಲ್ಲಿ ಡ್ರೇಪ್ ಎಂಬ ಉಪಕರಣವೇ ಇದೆ. ಅಳತೆ ಮೀಟರಿನಲ್ಲಿರಬೇಕು, ಅದಕ್ಕೆ ಈ ಭಾಗದಲ್ಲಿ ಯುಟಿಎಂ ನಕ್ಷಾ ಪ್ರಕ್ಷೇಪದ 43 ಉತ್ತರ ವಲಯ ಹೊಂದುತ್ತದೆ.

ನನ್ನ ದೊಡ್ಡ ತಕರಾರು ತುಂಡಿನ ಉದ್ದದ ಬಗ್ಗೆ. ಪುಕ್ಕಟೆ ಸಿಗುವ ಎತ್ತರ ಮಾಹಿತಿಗಳಾದ ಎಸ್‌ಆರ್‌ಟಿಎಂ, ಕಾರ್ಟೋಡೆಮ್ ಎರಡರ ಚೌಕವೂ ಸುಮಾರು 30 ಮೀಟರ್. ಅದರ ಮೇಲೆ 10 ಮೀಟರ್ ತುಂಡು ಹಾಕಿದರೆ ಹೊಸದೇನೂ ತಿಳಿಯುವುದಿಲ್ಲ. ಎತ್ತರದಲ್ಲಿ 3 ಮೀಟರ್ ತಪ್ಪು ಇಂಥ ಮಾಹಿತಿಯಲ್ಲಿ ಮಾಮೂಲು. 30 ಮೀಟರ್ ತುಂಡಿನಲ್ಲಿ ಅದೇ ಶೇ. 10ರ ಸುಳ್ಳು ಏರಾಗುತ್ತದೆ, 300 ಮೀಟರಿನಲ್ಲಿ ಶೇ. 1ಕ್ಕೆ ಇಳಿಯುತ್ತದೆ. ಹೋಲಿಕೆಗೆ, ಬಯಲು ಸೀಮೆಯ ರಸ್ತೆಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಸಾಮಾನ್ಯ ಮಿತಿಯೇ ಶೇ. 3.3. ಸಾಲದ್ದಕ್ಕೆ ಎಸ್‌ಆರ್‌ಟಿಎಂ ಅಳತೆಯಾದದ್ದು 2000ದ ಫೆಬ್ರವರಿಯಲ್ಲಿ. ದಾಬಸ್‌ಪೇಟೆಯ ಸೋಂಪುರ ಕೈಗಾರಿಕಾ ಪ್ರದೇಶಕ್ಕಾಗಿ ಆಮೇಲೆ ಕಡಿದು ತುಂಬಿದ ಮಣ್ಣು ಅದರಲ್ಲಿಲ್ಲ. ಅಂದಿನ ನೀಲಗಿರಿ ತೋಪಿನ ನೆತ್ತಿ ಮಾತ್ರ ನೆಲದ ಎತ್ತರದಲ್ಲಿ ಬೆರೆತುಕೊಂಡಿದೆ. ಅಂಥ ಕಡೆ ಹಳ್ಳ ಮೇಲಕ್ಕೆ ಹರಿದಂತೆ ಕಾಣುವುದುಂಟು. ಆ ಉಬ್ಬನ್ನು ಸರಾಸರಿಯೊಳಗೆ ಮುಚ್ಚಿಬಿಡುವ ವರದಿಯನ್ನು ನಾನು ಒಪ್ಪುವುದಿಲ್ಲ. ತುಂಡಿನ ಉದ್ದ, ಎತ್ತರ ಮಾಹಿತಿಯ ವರ್ಷ, ಗೆರೆ ಎಳೆದ ದಿಕ್ಕು ಮೂರೂ ನಕ್ಷೆಯ ಮೇಲೆಯೇ ಇರಬೇಕು. ತಡೆ ಕಟ್ಟುವ ಜಾಗವನ್ನಂತೂ ಡಂಪಿ ಲೆವೆಲ್ ಇಟ್ಟು ಅಳೆದೇ ಗುರುತು ಹಾಕಬೇಕು.