ನಕಾಶೆ ನಮ್ಮದು, ಉಪಕರಣ ಯಾರದ್ದು?

ಜಿಲ್ಲಾ ಕೇಂದ್ರವೊಂದರ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಗೆಳೆಯರೊಬ್ಬರು ಮನೆ, ಮಳಿಗೆಗಳ ನಕಾಶೆ ಬರೆದುಕೊಡುವ ಅಂಗಡಿ ಇಟ್ಟುಕೊಂಡಿದ್ದಾರೆ. ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ವಿದ್ಯೆ ಕಲಿತು, ಮರದ ಬೋರ್ಡು, ಟಿ-ಸ್ಕ್ವೇರು, ಟ್ರೇಸಿಂಗ್ ಹಾಳೆಗಳಿಂದ ಶುರು ಮಾಡಿ ಆಮೇಲೆ ಕಂಪ್ಯೂಟರಿಗೆ ಬಂದವರು. ಕಳೆದ ವರ್ಷ ಒಂದು ಬೆಳಿಗ್ಗೆ ಅವರ ನಕಾಶೆಯ ಸಾಫ್ಟ್‌ವೇರ್ ತೆರೆಯಲಿಲ್ಲ. ವಾರ್ಷಿಕ ಚಂದಾ ಮುಗಿದಿತ್ತು. ಮಗಳ ಕಾಲೇಜಿನ ಫೀಸು ಕಟ್ಟಿದ್ದರಿಂದ ಆ ತಿಂಗಳು ಕೈ ಖಾಲಿ. ಎದುರಿಗೆ ಕುಳಿತಿದ್ದ ಗಿರಾಕಿಗೆ ಬೇಕಾಗಿದ್ದದ್ದು ಒಂದು ಬಾಗಿಲನ್ನು ಎರಡಡಿ ಆಚೆ ಸರಿಸುವ ತಿದ್ದುಪಡಿ ಮಾತ್ರ. ನಕಾಶೆ ಕಂಪ್ಯೂಟರಿನೊಳಗೇ ಇದೆ, ಬರೆದವರೂ ಅವರೇ. ಆದರೆ ಮುಟ್ಟುವಂತಿಲ್ಲ. ಗೋಡೆಗೆ ಒರಗಿಸಿದ್ದ ಹಳೆಯ ಬೋರ್ಡಿನತ್ತ ಕೈ ತೋರಿಸಿ, "ಇದು ಯಾವತ್ತೂ ನನಗೆ ಹೀಗೆ ಮಾಡಿರಲಿಲ್ಲ" ಎಂದರು.

ಕಥೆ ಬರೆಯುವ ನನಗೆ ಈ ತಾಂತ್ರಿಕ ವಿಷಯದಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಆದರೆ ದುಡಿಯುವವನಿಗೂ ಅವನ ಉಪಕರಣಕ್ಕೂ ಇರುವ ಸಂಬಂಧ ಬರೀ ತಾಂತ್ರಿಕ ವಿಷಯವಲ್ಲ. ದರ್ಜಿಯ ಕತ್ತರಿ, ಬಡಗಿಯ ಉಳಿ ಒಮ್ಮೆ ಕೊಂಡರೆ ಅವರದ್ದೇ. ಮಗನಿಗೆ ಕೊಡಬಹುದು, ಕಷ್ಟ ಬಂದರೆ ಮಾರಬಹುದು. ಈ ಸರಳ ನ್ಯಾಯ ಕಂಪ್ಯೂಟರಿನ ಕಾಲದಲ್ಲಿ ಹೇಗೆ ಕಳಚಿಕೊಂಡಿತು ಎಂಬುದನ್ನು ನೋಡಬೇಕಾಗಿದೆ.

ಇದಕ್ಕೆ ಆಟೋಕ್ಯಾಡ್‌ನ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಾಕರ್ ಮತ್ತು ಅವರ ಪ್ರೋಗ್ರಾಮರ್ ಗೆಳೆಯರು ಸೇರಿ ಆಟೋಡೆಸ್ಕ್ ಕಂಪೆನಿ ಕಟ್ಟಿದರು. ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ನಕಾಶೆ ಬರೆಯುವುದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಾಧ್ಯವಿದ್ದ ದುಬಾರಿ ಕೆಲಸ. ಆಟೋಕ್ಯಾಡ್ ಅದನ್ನು ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ, ಸುಮಾರು 1,000 ಡಾಲರಿಗೆ ತಂದಿತು. ಸಣ್ಣವರ ಕೈಗೆ ದೊಡ್ಡವರ ಉಪಕರಣ ಕೊಟ್ಟದ್ದೇ ಆ ಕಂಪೆನಿಯ ಯಶಸ್ಸಿನ ಗುಟ್ಟು. ಇದನ್ನು ಮರೆಯದೆ ಹೇಳಬೇಕು.

ಆಗ ಜಾರಿಯಲ್ಲಿದ್ದದ್ದು ಶಾಶ್ವತ ಪರವಾನಗಿ. ಒಮ್ಮೆ ಹಣ ಕೊಟ್ಟರೆ ಆ ಆವೃತ್ತಿಯನ್ನು ಎಷ್ಟು ವರ್ಷ ಬೇಕಾದರೂ ಬಳಸಬಹುದು. ಹೊಸ ಆವೃತ್ತಿ ಬೇಕೆಂದರೆ ಮಾತ್ರ ಮತ್ತೆ ಹಣ. ಈ ಪದ್ಧತಿಗೆ 2016ರಲ್ಲಿ ತೆರೆ ಬಿತ್ತು. ಆ ವರ್ಷದ ಫೆಬ್ರವರಿಯಿಂದ ಆಟೋಡೆಸ್ಕ್ ತನ್ನ ಬಹುತೇಕ ಬಿಡಿ ಸಾಫ್ಟ್‌ವೇರ್‌ಗಳಿಗೆ ಹೊಸ ಶಾಶ್ವತ ಪರವಾನಗಿ ಮಾರುವುದನ್ನು ನಿಲ್ಲಿಸಿತು. ಇನ್ನು ಮುಂದೆ ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟಬೇಕು. ಕಟ್ಟುವುದನ್ನು ನಿಲ್ಲಿಸಿದರೆ ಸಾಫ್ಟ್‌ವೇರ್ ಕೂಡ ನಿಲ್ಲುತ್ತದೆ. ಚಿತ್ರ ಮತ್ತು ಮುದ್ರಣದ ಸಾಫ್ಟ್‌ವೇರ್ ಮಾಡುವ ಅಡೋಬಿ 2013ರಲ್ಲೇ ಈ ದಾರಿ ಹಿಡಿದಿತ್ತು.

ಕಂಪೆನಿಯ ವಾದವನ್ನೂ ಕೇಳೋಣ. ಆಗಿನ ಬೆಲೆಯಲ್ಲಿ ಸುಮಾರು 4,200 ಡಾಲರ್ ಒಮ್ಮೆಲೇ ಹೊಂದಿಸುವುದಕ್ಕಿಂತ ವರ್ಷಕ್ಕೆ ಸುಮಾರು 1,700 ಡಾಲರ್ ಕಟ್ಟುವುದು ಹೊಸದಾಗಿ ಕಚೇರಿ ತೆರೆಯುವವರಿಗೆ ಸುಲಭವಾಗಿತ್ತು. ಮೂರು ತಿಂಗಳ ಕೆಲಸಕ್ಕೆ ಮೂರು ತಿಂಗಳ ಚಂದಾ ಸಾಕು. ಹೊಸ ಆವೃತ್ತಿ ತಾನಾಗಿಯೇ ಬರುತ್ತದೆ. ಕದ್ದ ಪ್ರತಿಗಳ ಹಾವಳಿಯೂ ತಗ್ಗುತ್ತದೆ. ಈ ಕೊನೆಯ ಮಾತನ್ನು ನಾವು ತಲೆ ತಗ್ಗಿಸಿ ಕೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಎಷ್ಟೋ ಜನ ಈ ವಿದ್ಯೆ ಕಲಿತದ್ದು ಕದ್ದ ಸಿಡಿಗಳಿಂದಲೇ. ಇನ್ನು, ಪ್ರತಿ ವರ್ಷ ಹೊಸ ಆವೃತ್ತಿಗೆ ಹಣ ತೆರುತ್ತಿದ್ದ ದೊಡ್ಡ ಕಚೇರಿಗಳಿಗೆ ಈ ಬದಲಾವಣೆಯಿಂದ ಮೊದಮೊದಲು ಹೆಚ್ಚಿನ ವ್ಯತ್ಯಾಸವೂ ಆಗಲಿಲ್ಲ.

ಆದರೆ ಲೆಕ್ಕವನ್ನು ಮೂರನೆಯ ವರ್ಷಕ್ಕೆ ಒಯ್ಯಿರಿ. ಕಟ್ಟಿದ ಚಂದಾ ಖರೀದಿಯ ಬೆಲೆಯನ್ನು ದಾಟಿರುತ್ತದೆ. ಹತ್ತನೆಯ ವರ್ಷಕ್ಕೆ ಹಲವು ಪಟ್ಟು ಆಗಿರುತ್ತದೆ, ಕೈಯಲ್ಲಿ ಉಳಿಯುವುದು ಸೊನ್ನೆ. ಒಂದೇ ಆವೃತ್ತಿಯಲ್ಲಿ ಹತ್ತು ವರ್ಷ ಜೀವನ ಸಾಗಿಸುತ್ತಿದ್ದ ಸಣ್ಣ ಕಸುಬುದಾರನೇ ಇಲ್ಲಿ ನಿಜವಾಗಿ ಸೋತವನು. ಹಳೆಯ ಶಾಶ್ವತ ಪರವಾನಗಿಯ ಜೊತೆಗೆ ನಿರ್ವಹಣಾ ಶುಲ್ಕ ಕಟ್ಟುತ್ತಿದ್ದವರಿಗೂ ಆ ಶುಲ್ಕವನ್ನು 2017ರಲ್ಲಿ ಶೇ. 5, 2018ರಲ್ಲಿ ಶೇ. 10, 2019ರಲ್ಲಿ ಶೇ. 20 ಏರಿಸುವುದಾಗಿ ಕಂಪೆನಿ ಮೊದಲೇ ತಿಳಿಸಿತು. ಬಾಗಿಲು ತೋರಿಸುವ ಸಭ್ಯ ರೀತಿ ಇದು. 2020ರಲ್ಲಿ, ಒಂದು ಕಚೇರಿಯ ಹಲವರು ಸರದಿಯಂತೆ ಹಂಚಿಕೊಳ್ಳುವ ಪರವಾನಗಿಯ ಹೊಸ ಮಾರಾಟವೂ ನಿಂತು, ಒಬ್ಬೊಬ್ಬರ ಹೆಸರಿಗೆ ಒಂದೊಂದು ಚಂದಾ ಎಂದಾಯಿತು.

ಕಂಪೆನಿಗೆ ಇದರಿಂದ ಏನಾಯಿತು? 2016ರ ಜನವರಿಗೆ ಮುಗಿದ ವರ್ಷದಲ್ಲಿ ಸುಮಾರು 250 ಕೋಟಿ ಡಾಲರ್ ಇದ್ದ ಅದರ ಆದಾಯ ಮರುವರ್ಷ ಸುಮಾರು 203 ಕೋಟಿಗೆ ಕುಸಿಯಿತು, ನಷ್ಟವೂ ಆಯಿತು. ಆದರೆ 2025ರ ಜನವರಿಗೆ ಮುಗಿದ ವರ್ಷದಲ್ಲಿ ಅದು 613 ಕೋಟಿ ಡಾಲರ್ ತಲುಪಿತು. ಒಂದೆರಡು ವರ್ಷ ತಾಳಿಕೊಂಡವರಿಗೆ ಬಾಡಿಗೆ ಎಂಥ ಫಸಲು ಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಭಾರ ಬಡವರಿಗೆ ಮಾತ್ರ ತಟ್ಟಲಿಲ್ಲ. 2020ರ ಜುಲೈನಲ್ಲಿ ಬ್ರಿಟನ್ನಿನ 25 ವಾಸ್ತುಶಿಲ್ಪ ಸಂಸ್ಥೆಗಳು ಆಟೋಡೆಸ್ಕ್‌ನ ಮುಖ್ಯಸ್ಥ ಆಂಡ್ರ್ಯೂ ಅನಾಗ್ನೋಸ್ಟ್ ಅವರಿಗೆ ಬಹಿರಂಗ ಪತ್ರ ಬರೆದವು. ಬಾಗ್ದಾದಿನಲ್ಲಿ ಹುಟ್ಟಿ ಜಗತ್ತಿನ ಕಟ್ಟಡಗಳ ಆಕಾರವನ್ನೇ ಬದಲಿಸಿದ ದಿವಂಗತ ಝಾಹಾ ಹದೀದ್ ಅವರ ಸಂಸ್ಥೆಯೂ ಅವುಗಳಲ್ಲಿ ಒಂದು. ವರ್ಷದಿಂದ ವರ್ಷಕ್ಕೆ ಖರ್ಚು ಏರುತ್ತಿದೆ, ಆದರೆ ರೆವಿಟ್ ಎಂಬ ಮುಖ್ಯ ಸಾಫ್ಟ್‌ವೇರ್ ಅದಕ್ಕೆ ತಕ್ಕಂತೆ ಬೆಳೆಯುತ್ತಿಲ್ಲ ಎಂಬುದು ಅವರ ದೂರು. ವಾಸ್ತುಶಿಲ್ಪಿಗಳಿಗೆ ಬೇಕಾದ ಸುಧಾರಣೆ ನಿರೀಕ್ಷೆಯಷ್ಟು ಆಗಿಲ್ಲವೆಂದು ಅನಾಗ್ನೋಸ್ಟ್ ಕೂಡ ಒಪ್ಪಿಕೊಂಡರು. ಇದರಲ್ಲಿ ಒಂದು ಪಾಠವಿದೆ. ಶಾಶ್ವತ ಪರವಾನಗಿಯ ಕಾಲದಲ್ಲಿ ಹೊಸ ಆವೃತ್ತಿ ಚೆನ್ನಾಗಿಲ್ಲದಿದ್ದರೆ ಗಿರಾಕಿ "ನನಗೆ ಹಳೆಯದೇ ಸಾಕು" ಎನ್ನಬಹುದಿತ್ತು. ಆ ಒಂದು ಮಾತಿನ ಭಯದಿಂದಲೇ ಕಂಪೆನಿ ಒಳ್ಳೆಯದನ್ನು ಮಾಡಬೇಕಿತ್ತು. ಚಂದಾ ಪದ್ಧತಿ ಮೊದಲು ಕಿತ್ತುಕೊಂಡದ್ದು ಹಣವನ್ನಲ್ಲ, ಬೇಡ ಎನ್ನುವ ಆ ಹಕ್ಕನ್ನು.

ಇನ್ನೊಂದು ಅಪಾಯ ದೂರದಿಂದ ಬರುತ್ತದೆ. 2019ರ ಅಕ್ಟೋಬರ್‌ನಲ್ಲಿ ವೆನೆಜುವೆಲಾದ ಮೇಲಿನ ಅಮೆರಿಕ ಸರಕಾರದ ನಿರ್ಬಂಧದ ಕಾರಣ ಕೊಟ್ಟು, ಆ ದೇಶದ ಎಲ್ಲ ಖಾತೆಗಳನ್ನೂ ಮುಚ್ಚುವುದಾಗಿ ಅಡೋಬಿ ಪ್ರಕಟಿಸಿತು. ಕಟ್ಟಿದ ಹಣವೂ ವಾಪಸಿಲ್ಲ ಎಂದು ಮೊದಲು ಹೇಳಿ, ಆಮೇಲೆ ಆ ಮಾತು ಬದಲಿಸಿತು. ಗಡುವಿನ ಹೊತ್ತಿಗೆ ಅಮೆರಿಕ ಸರಕಾರದಿಂದ ಅನುಮತಿ ಸಿಕ್ಕಿ ಖಾತೆಗಳು ಉಳಿದವು. ಆದರೆ ಆ ಮೂರು ವಾರ ಅಲ್ಲಿನ ಚಿತ್ರಕಾರರು, ಪತ್ರಿಕೆಯವರು ಯಾವ ಆತಂಕದಲ್ಲಿದ್ದಿರಬೇಕು! ತಮ್ಮ ಅಧ್ಯಕ್ಷನ ತಪ್ಪಿಗೋ ಪರದೇಶದ ಅಧ್ಯಕ್ಷನ ಸಿಟ್ಟಿಗೋ ಒಬ್ಬ ಚಿತ್ರಕಾರನ ಕುಂಚ ಏಕೆ ಒಣಗಬೇಕು? ಪೆಟ್ಟಿಗೆಯಲ್ಲಿರುವ ಹಳೆಯ ಸಿಡಿಯನ್ನು ಯಾವ ಅಧ್ಯಕ್ಷನೂ ಬಂದು ಒಯ್ಯಲಾರ.

ಹಾಗೆಂದು ಹಳೆಯ ಪದ್ಧತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಪರವಾನಗಿ ಎಂಬುದು ಫಾರ್ಸಿಯಿಂದ ಕನ್ನಡಕ್ಕೆ ಬಂದ ಮಾತು. ಉರ್ದುವಿನಲ್ಲಿ ಇಜಾಜತ್ ಎನ್ನುತ್ತೇವೆ. ಇಜಾಜತ್ ಬೇರೆ, ಮಿಲ್ಕಿಯತ್ ಬೇರೆ. ಶಾಶ್ವತ ಎಂಬ ವಿಶೇಷಣ ಸೇರಿಸಿದರೂ ಅಪ್ಪಣೆ ಒಡೆತನವಾಗುವುದಿಲ್ಲ. ಅಮೆರಿಕದಲ್ಲಿ ತಿಮೋತಿ ವರ್ನರ್ ಎಂಬವರು ಆಟೋಕ್ಯಾಡ್‌ನ ಹಳೆಯ ಪ್ರತಿಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರಲು ಹೋದಾಗ ಇದು ಬಯಲಾಯಿತು. ಈ ಪ್ರತಿಗಳು ಮಾರಲ್ಪಟ್ಟವಲ್ಲ, ಬಳಕೆಗೆ ಅನುಮತಿ ಪಡೆದವು ಮಾತ್ರ, ಆದ್ದರಿಂದ ಅವನ್ನು ಮರುಮಾರಾಟ ಮಾಡುವಂತಿಲ್ಲ ಎಂದು 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಎರಡೇ ವರ್ಷದಲ್ಲಿ, 2012ರ ಜುಲೈನಲ್ಲಿ, ಯೂರೋಪಿನ ನ್ಯಾಯಾಲಯ ಒರಾಕಲ್ ಕಂಪೆನಿಯ ಮೊಕದ್ದಮೆಯಲ್ಲಿ ಇದಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತು. ಹಣ ಪಡೆದು ಕಾಲಮಿತಿಯಿಲ್ಲದ ಬಳಕೆಯ ಹಕ್ಕು ಕೊಟ್ಟರೆ ಅದು ಮಾರಾಟವೇ, ಕೊಂಡವನು ಅದನ್ನು ಮಾರಬಹುದು ಎಂದಿತು. ಈ ಎರಡನೆಯ ತೀರ್ಪಿನಲ್ಲಿ ಸಂತೆಯಲ್ಲಿ ವ್ಯವಹಾರ ಮಾಡುವ ಸಾಮಾನ್ಯನ ವಿವೇಕವಿದೆ. ಚಂದಾ ಪದ್ಧತಿಗೆ ಕಾಲಮಿತಿ ಇರುವುದರಿಂದ ಅಲ್ಲಿ ಈ ವಿವೇಕವೂ ಕೆಲಸಕ್ಕೆ ಬಾರದು.

ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ, ಸಿಡಿಯಲ್ಲಿ ಸಿದ್ಧವಾಗಿ ಮಾರಾಟವಾಗುವ ಸಾಫ್ಟ್‌ವೇರ್ ಸರಕೇ, ಅದಕ್ಕೆ ಮಾರಾಟ ತೆರಿಗೆ ಅನ್ವಯಿಸುತ್ತದೆ ಎಂದು ಹೇಳಿದೆ. ತೆರಿಗೆ ಕಟ್ಟುವಾಗ ಸರಕು, ಕೊಂಡವನು ಮಾರಲು ಹೊರಟರೆ ಬರೀ ಅಪ್ಪಣೆ. ಈ ವಿಚಿತ್ರದ ಬಗ್ಗೆ ನಾವು ಮಾತಾಡಿದ್ದೇ ಕಡಿಮೆ.

ಬಾಡಿಗೆ ಎಂಬುದೇ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆಯಲ್ಲಿ ಬದುಕಿದವರು ನಾವು. ಆದರೆ ಬಾಡಿಗೆ ಮನೆ ಬಿಡುವಾಗ ನಮ್ಮ ಪಾತ್ರೆ, ಹಾಸಿಗೆ ಹೊತ್ತು ಬರುತ್ತೇವೆ. ಇಲ್ಲಿ ಅವೂ ಒಳಗೇ ಉಳಿಯುತ್ತವೆ. ಚಂದಾ ಮುಗಿದ ಮೇಲೆ ಉಚಿತ ವೀಕ್ಷಕ ಸಾಫ್ಟ್‌ವೇರ್ ಹಾಕಿಕೊಂಡು ಆಟೋಕ್ಯಾಡ್ ನಕಾಶೆ ನೋಡಬಹುದು, ಮುದ್ರಿಸಬಹುದು, ತಿದ್ದುವಂತಿಲ್ಲ. ಕಡತದ ಭಾಷೆ ಯಾರ ಹಿಡಿತದಲ್ಲಿದೆಯೋ ಕೆಲಸವೂ ಅವರ ಹಿಡಿತದಲ್ಲಿ. ಯೂನಿಕೋಡ್ ಬರುವ ಮುಂಚೆ ಟೈಪು ಮಾಡಿಟ್ಟ ನನ್ನ ಕೆಲವು ಕಥೆಗಳು ಈಗ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆ ನೋವು ನನಗೆ ಗೊತ್ತು.

ನಮ್ಮ ನಾಡಿನಲ್ಲಿ ಗೇಣಿಯ ನೆನಪು ಇನ್ನೂ ಮಾಸಿಲ್ಲ. ತಲೆಮಾರುಗಟ್ಟಲೆ ಗೇಣಿ ಅಳೆದರೂ ಉತ್ತವನಿಗೆ ಹೊಲದ ಮೇಲೆ ಹಕ್ಕು ಹುಟ್ಟುತ್ತಿರಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಆ ಲೆಕ್ಕವನ್ನು ಬದಲಿಸಿತು. ಸಾಫ್ಟ್‌ವೇರ್ ಹೊಲವಲ್ಲ, ಅದನ್ನು ಬರೆದವರ ಶ್ರಮಕ್ಕೆ ಬೆಲೆ ಸಲ್ಲಲೇಬೇಕು. ಆದರೂ ಆ ಕಾನೂನಿನ ಹಿಂದಿದ್ದ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ: ಎಷ್ಟು ಕಟ್ಟಿದ ಮೇಲೆ ಕಟ್ಟಿದವನಿಗೆ ಏನಾದರೂ ಉಳಿಯಬೇಕು? ಮೂರು ಅಥವಾ ನಾಲ್ಕು ವರ್ಷ ಬಿಡದೆ ಚಂದಾ ಕಟ್ಟಿದವನಿಗೆ ಆ ಹೊತ್ತಿನ ಆವೃತ್ತಿಯನ್ನು ಕೊನೆತನಕ ಬಳಸುವ ಹಕ್ಕು ಕೊಟ್ಟರೆ ಯಾವ ಕಂಪೆನಿಯೂ ಮುಳುಗದು.

ಬೇರೆ ದಾರಿಗಳೂ ಇವೆ. ರೈನೋ ಎಂಬ ಮೂರು ಆಯಾಮದ ವಿನ್ಯಾಸದ ಸಾಫ್ಟ್‌ವೇರ್ ಚಂದಾ ಪದ್ಧತಿಗೆ ಹೋಗದೆ ಇಂದಿಗೂ ಖರೀದಿಗೆ ಸಿಗುತ್ತದೆ. ಎಲ್ಲರಿಗೂ ಮುಕ್ತವಾದ ಫ್ರೀಕ್ಯಾಡ್ 2002ರಿಂದ ಬೆಳೆದು ಬಂದು 2024ರ ನವೆಂಬರ್‌ನಲ್ಲಿ ತನ್ನ 1.0 ಆವೃತ್ತಿಯನ್ನು ಕಂಡಿತು. ಸರಳ ನಕಾಶೆಗೆ ಲಿಬ್ರೆಕ್ಯಾಡ್ ಇದೆ. ಇವು ಆಟೋಕ್ಯಾಡ್‌ಗೆ ಸರಿಸಾಟಿ ಎಂದು ಹೇಳಿ ಯಾರನ್ನೂ ಮೋಸಗೊಳಿಸಲಾರೆ. ಬೇರೆಯವರ ಕಡತ ತೆರೆಯುವಾಗ ಇವು ತಡವರಿಸುವುದುಂಟು. ಆದರೆ ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳು ವಿದ್ಯಾರ್ಥಿಗಳಿಗೆ ಇವನ್ನೂ ಕಲಿಸಬೇಕು. ಕಂಪೆನಿ ವಿದ್ಯಾರ್ಥಿಗಳಿಗೆ ತನ್ನ ಸಾಫ್ಟ್‌ವೇರ್ ಉಚಿತವಾಗಿ ಕೊಡುವುದು ಔದಾರ್ಯವೇ ಇರಬಹುದು, ಆದರೆ ಒಂದೇ ಉಪಕರಣಕ್ಕೆ ಒಗ್ಗಿದ ಕೈ ಮುಂದೆ ಜೀವನವಿಡೀ ಚಂದಾ ಕಟ್ಟುತ್ತದೆ. ಕಟ್ಟಡದ ನಕ್ಷೆಯನ್ನು ಕಂಪ್ಯೂಟರ್ ಕಡತವಾಗಿ ಕೇಳುವ ಕಡೆಯೆಲ್ಲ ಡಿಎಕ್ಸ್‌ಎಫ್‌ನಂಥ, ವಿವರಗಳು ಬಹಿರಂಗವಾಗಿರುವ ರೂಪವನ್ನೂ ಸ್ವೀಕರಿಸಬೇಕು. ಅದನ್ನು ರೂಪಿಸಿದ್ದೂ ಅದೇ ಆಟೋಡೆಸ್ಕ್, 1982ರಲ್ಲಿ.

ನನ್ನ ಗೆಳೆಯರು ಅಂದು ಸಾಲ ಮಾಡಿ ಚಂದಾ ಕಟ್ಟಿದರು. ಬಾಗಿಲು ಎರಡಡಿ ಸರಿಯಿತು. ಈಗ ಮುಗಿದ ಪ್ರತಿಯೊಂದು ನಕಾಶೆಯನ್ನೂ ಡಿಎಕ್ಸ್‌ಎಫ್ ರೂಪದಲ್ಲಿ ಇನ್ನೊಂದು ಪ್ರತಿ ಮಾಡಿ, ಕಾಗದದ ಮೇಲೂ ಒಂದನ್ನು ಮುದ್ರಿಸಿ ಇಟ್ಟುಕೊಳ್ಳುತ್ತಾರೆ. ರಾತ್ರಿ ಹೊತ್ತು ಮಗಳ ಜೊತೆ ಕುಳಿತು ಫ್ರೀಕ್ಯಾಡ್ ಕಲಿಯುತ್ತಿದ್ದಾರೆ. ಐವತ್ತರ ವಯಸ್ಸಿನಲ್ಲಿ ಕೈ ಹೊಸ ಅಭ್ಯಾಸಕ್ಕೆ ಬೇಗ ಬಗ್ಗುವುದಿಲ್ಲ ಎನ್ನುತ್ತಾರೆ. ಬೋರ್ಡನ್ನು ಮಾತ್ರ ಇನ್ನೂ ಮಾರಿಲ್ಲ.